ಗೋಡೆಯಾಚೆ ಬಿದ್ದ ಚೆಂಡು

ನಮ್ಮ ಬೀದಿ ಹುಡುಗರ ಚೆಂಡು ಪಕ್ಕದ ಮನೆ ಕಾಂಪೌಂಡಿಗೆ ಬಿತ್ತೋ, ಮುಗೀತು. ಆ ಮನೆ ಅಜ್ಜಿ ಅದನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತುಬಿಡೋರು! ಮೊನ್ನೆ ಡಬ್ಲಿನ್‌ನಿಂದ ಅಕ್ಕನ ಮಗ ಬಂದಿದ್ದಾಗ ಇದನ್ನು ಹೇಳಿ ನಕ್ಕೆ. ಅವನು ನಗಲಿಲ್ಲ. "ಚಿಕ್ಕಮ್ಮ, ಅಲ್ಲೊಂದು ಊರಲ್ಲಿ ಚೆಂಡು ಸೈನ್ಯದ ಗೋಡೆಯಾಚೆ ಬೀಳ್ತಿತ್ತಂತೆ" ಅಂದ.

ಆ ಊರು ಕ್ರಾಸ್‌ಮಗ್ಲೆನ್. ಉತ್ತರ ಐರ್ಲೆಂಡಿನ ಆರ್ಮಾ ಸೀಮೆಯಲ್ಲಿ, ಗಡಿಯ ಹತ್ತಿರ ಇದೆ. ಅಲ್ಲಿನ ರೇಂಜರ್ಸ್ ಕ್ಲಬ್ಬು ಹುಟ್ಟಿದ್ದು 1887ರಲ್ಲಿ. ಆಡೋದು ಗೇಲಿಕ್ ಫುಟ್‌ಬಾಲ್, ಐರಿಷ್ ಜನರ ಸ್ವಂತ ಆಟ. ಒಂದೊಂದು ಕಡೆಗೆ 15 ಜನ, ಚೆಂಡನ್ನು ಕೈಯಲ್ಲೂ ಹಿಡೀಬಹುದು. ಆಟಗಾರರಿಗೆ ಸಂಬಳವಿಲ್ಲ. ಹಗಲು ಕೆಲಸಕ್ಕೆ ಹೋಗಿ, ಸಂಜೆ ತಮ್ಮೂರಿನ ಕ್ಲಬ್ಬಿಗಾಗಿ ಆಡುತ್ತಾರೆ. ಕೆಸರಾದ ಅಂಗಿ ಒಗೆಯೋರು ಯಾರು ಅಂತ ಕೇಳಿದೆ. ಹುಡುಗ ತಲೆ ಕೆರೆದುಕೊಂಡ!

70ರ ದಶಕದಲ್ಲಿ ಅಲ್ಲಿ ಗಲಭೆ ಹೆಚ್ಚಾದಾಗ ಬ್ರಿಟಿಷ್ ಸೈನ್ಯ ಬಂದು ಮೈದಾನದ ಪಕ್ಕದಲ್ಲೇ ಠಾಣ್ಯ ಹೂಡಿತು. ಕ್ಲಬ್ಬಿನ ನೆಲದಲ್ಲೂ ಒಂದು ಭಾಗ ಹಿಡಿದುಕೊಂಡಿತು. ತಲೆ ಮೇಲೆ ಹೆಲಿಕಾಪ್ಟರ್ ಸದ್ದು, ಬದಿಯಲ್ಲಿ ಕಾವಲು ಗೋಪುರ. ಅದರ ನಡುವೆ ಮಕ್ಕಳು ಚೆಂಡು ಒದೆಯಬೇಕು. ಅಂಥಲ್ಲಿಗೆ ಮಗನನ್ನು ಕಳಿಸಿ, ಅವನು ಮನೆ ಸೇರೋವರೆಗೆ ಆ ತಾಯಂದಿರು ಹೇಗೆ ಒಲೆ ಮುಂದೆ ಕೂತಿದ್ದರೋ! ನಾನಾಗಿದ್ದರೆ ಹೊಸ್ತಿಲು ದಾಟಲು ಬಿಡ್ತಿರಲಿಲ್ಲ.

ಆದರೂ ಕ್ಲಬ್ಬು ಆ ಜಾಗ ಬಿಡಲಿಲ್ಲ. ಜೋ ಕರ್ನನ್ ಅನ್ನೋರು ತಂಡ ನೋಡಿಕೊಳ್ಳುತ್ತಿದ್ದಾಗ, 1997ರಲ್ಲಿ ಇಡೀ ಐರ್ಲೆಂಡಿನ ಕ್ಲಬ್ಬುಗಳ ಕಪ್ಪು ಮೊದಲ ಸಲ ಈ ಊರಿಗೆ ಬಂತು. ಮುಂದೆ 1999, 2000ದಲ್ಲಿ ಮತ್ತೆ. ತಮ್ಮ ಸೀಮೆಯಲ್ಲಂತೂ 1996ರಿಂದ 2008ರವರೆಗೆ ಸತತ 13 ವರ್ಷ ಇವರೇ ಗೆದ್ದರು. ಬೇರೆ ಊರಿನವರಿಗೆ ಸಾಕುಸಾಕಾಗಿರಬೇಕು ಪಾಪ.

1998ರಲ್ಲಿ ಶಾಂತಿ ಒಪ್ಪಂದವಾಯಿತು. ಆದರೆ ಸೈನ್ಯ ಊರು ಖಾಲಿ ಮಾಡುವಷ್ಟರಲ್ಲಿ 2007 ಬಂತು. ಆ ವರ್ಷವೂ ಕಪ್ಪು ಇವರದೇ! ಆಮೇಲೆ 2011, 2012ರಲ್ಲೂ ಗೆದ್ದು ಒಟ್ಟು ಆರು ಮಾಡಿಕೊಂಡರು.

ಅಕ್ಕನ ಮಗ ಫೋನಿನಲ್ಲಿ ಆ ಮೈದಾನದ ಚಿತ್ರ ತೋರಿಸಿದ. ಹಸಿರು ಹುಲ್ಲು, ಬಿಳಿ ಗೆರೆ, ಅಷ್ಟೆ. ಗೋಡೆ ಎಲ್ಲಿತ್ತು ಅಂತ ಹುಡುಕಿದೆ, ಕಾಣಲಿಲ್ಲ.