ರಸ್ತೆ ಬದಿಯ ರಾಜಿ

ಕೊಟ್ಟಿಗೆಹಾರದಿಂದ ಹೊರನಾಡಿನ ತನಕ ತಿರುವೇ ತಿರುವು. ಅಲ್ಲೆಲ್ಲೋ ಕಾರೊಂದು ನಿಮ್ಮ ಬೈಕಿಗೆ ಗುದ್ದಿತು ಅಂದ್ಕೊಳ್ಳಿ. ಜನ ಸೇರ್ತಾರೆ, ಯಾರೋ ಹಿರಿಯರು "ಸ್ಟೇಷನ್ನು, ಕೋರ್ಟು ಎಲ್ಲ ಯಾಕೆ ಮಾರಾಯ್ರೆ" ಅಂತ ಎರಡು ಸಾವಿರ ಕೊಡಿಸಿ ಕಳಿಸ್ತಾರೆ. ಗಾಯ ಆದಾಗ ಈ ರಾಜಿಯಷ್ಟು ದುಬಾರಿ ಬೇರೊಂದಿಲ್ಲ ಅನ್ನೋದು ನನ್ನ ಅಭಿಪ್ರಾಯ. ಮೂಳೆ ಮುರಿದದ್ದು ಎಕ್ಸ್‌ರೇಯಲ್ಲಿ ಗೊತ್ತಾಗೋ ಹೊತ್ತಿಗೆ ಕಾರು ಬೆಂಗಳೂರು ಸೇರಿರುತ್ತೆ!

"ಪಾಪ, ಡ್ರೈವರು ಎಲ್ಲಿಂದ ತರ್ತಾನೆ" ಅಂತೀರಾ? ವಿಮೆ ಇದ್ರೆ ಸಾಮಾನ್ಯವಾಗಿ ಕೊಡೋದು ವಿಮಾ ಕಂಪನಿ. ಥರ್ಡ್ ಪಾರ್ಟಿ ವಿಮೆ ಕಡ್ಡಾಯ ಮಾಡಿರೋದೇ ಅದಕ್ಕೆ.

ಗಾಡಿ ನಂಬರಿನ ಫೋಟೋ ತೆಗೀರಿ. ಆಸ್ಪತ್ರೆಯಲ್ಲಿ "ಜಾರಿ ಬಿದ್ದೆ" ಅನ್ನಬೇಡಿ, ಆದದ್ದನ್ನೇ ಹೇಳಿ ಬರೆಸಿ. ಪೊಲೀಸರಿಗೆ ದೂರು ಕೊಡಿ. ಬಿಲ್ಲುಗಳನ್ನ ಎತ್ತಿಡಿ. ಕಾರಿನವರು ಎಲ್ಲಿಯವರೇ ಆಗಿರಲಿ, ಪರಿಹಾರದ ಅರ್ಜಿಯನ್ನ ನೀವಿರೋ ಕಡೆಯ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲೇ ಹಾಕಬಹುದು. 2022ರ ಏಪ್ರಿಲ್‌ನಿಂದ ಇದಕ್ಕೆ ಅಪಘಾತದ ದಿನದಿಂದ ಆರು ತಿಂಗಳ ಗಡುವಿದೆ. ತಡವಾಯ್ತು ಅನ್ನೋ ಕಾರಣಕ್ಕೆ ಅರ್ಜಿ ವಜಾ ಮಾಡಬೇಡಿ ಅಂತ ಸುಪ್ರೀಂ ಕೋರ್ಟ್ 2025ರ ನವೆಂಬರಿನಲ್ಲಿ ಮಧ್ಯಂತರ ಆದೇಶ ಕೊಟ್ಟಿದೆ. ಅದನ್ನೇ ನೆಚ್ಚಿಕೊಂಡು ಕೂರಬೇಡಿ.

ಪರಿಹಾರ ಯಾರೋ ಕೈಗೆ ಹಾಕೋ ಪ್ರಸಾದ ಅಲ್ಲ, ನಿಮ್ಮ ಹಕ್ಕು. ನಿಮ್ಮ ಕಡೆನೂ ಹೀಗೇ ರಾಜಿ ಮಾಡಿಸ್ತಾರಾ?