ಗಾಣದವರ ಮನೆಗೆ ತಡವಾಗಿ ಬಂದ ದೀಪ

ಸೋದರಿಯರೇ, ಕಾರ್ತಿಕದ ದೀಪ ಮುಗಿದು ಚಳಿ ಹಿಡಿಯುವ ಹೊತ್ತಿಗೆ, ಸಾಮಾನ್ಯವಾಗಿ ಡಿಸೆಂಬರಿನಲ್ಲಿ, ಯಹೂದಿಗಳ ಮನೆಗಳಲ್ಲಿ ಎಂಟು ದಿನ ದೀಪದ ಹಬ್ಬ. ಅದರ ಹೆಸರು ಹನುಕ್ಕಾ. "ಅದು ನಮಗ್ಯಾಕೆ?" ಅಂತೀರೇನೋ. ಸ್ವಲ್ಪ ತಾಳಿ. ಆ ಹಬ್ಬ ನಮ್ಮ ದೇಶದ ಕೆಲವು ಮನೆಗಳಿಗೆ ಬಂದ ಕಥೆಯಲ್ಲಿ ನಮ್ಮ ಟಿಪ್ಪುವಿನ ಕಾಲದ ಸೆರೆಮನೆಯೂ ಇದೆ.

ಕ್ರಿಸ್ತಪೂರ್ವ 2ನೆಯ ಶತಮಾನದಲ್ಲಿ ಆಂಟಿಯೋಕಸ್ ಎಂಬ ಅರಸ ಜೆರೂಸಲೇಮಿನ ದೇವಾಲಯವನ್ನು ಮೈಲಿಗೆ ಮಾಡಿ, ಯಹೂದಿಗಳ ಆಚಾರಗಳನ್ನೇ ನಿಷೇಧಿಸಿದ. ಜೂಡಾ ಮಕ್ಕಬಿ ಮತ್ತು ಅವನ ಸೋದರರು ಹೋರಾಡಿ, ಕ್ರಿ.ಪೂ. 164ರಲ್ಲಿ ದೇವಾಲಯವನ್ನು ಮತ್ತೆ ಶುದ್ಧಿ ಮಾಡಿಸಿದರು. ದೀಪ ಹಚ್ಚಲು ಸಿಕ್ಕ ಶುದ್ಧವಾದ ಎಣ್ಣೆ ಒಂದೇ ದಿನಕ್ಕೆ ಸಾಲುವಷ್ಟು; ಅದು ಎಂಟು ದಿನ ಉರಿಯಿತಂತೆ. ಅದಕ್ಕೇ ಮೊದಲ ಸಂಜೆ ಒಂದು ದೀಪ, ಮರುದಿನ ಎರಡು, ಹೀಗೆ ಎಂಟನೆಯ ದಿನಕ್ಕೆ ಎಂಟು. ಹಚ್ಚಲು ಬೇರೆಯದೇ ಒಂದು ದೀಪ. ಎಣ್ಣೆಯ ನೆನಪಿಗೆ ಕರಿದ ತಿಂಡಿ. ದೀಪ ಉರಿಯುವಷ್ಟು ಹೊತ್ತು ಹೆಂಗಸರು ಮನೆಗೆಲಸ ಮುಟ್ಟಬಾರದು ಎಂಬ ಪದ್ಧತಿಯೂ ಉಂಟು. ಚೆನ್ನಾಗಿದೆ, ಅಲ್ಲವೇ?

ಈಗ ನಮ್ಮ ಕಡೆಯ ಮಾತು. ಕೊಂಕಣ ತೀರದಲ್ಲಿ ಬೆನೆ ಇಸ್ರೇಲ್ ಎಂಬ ಯಹೂದಿಗಳಿದ್ದರು. ಗಾಣ ಅವರ ಕಸುಬು. ಶನಿವಾರ ಮಾತ್ರ ಗಾಣ ಕಟ್ಟುತ್ತಿರಲಿಲ್ಲ. ಊರವರು 'ಶನಿವಾರ ತೇಲಿ' ಎಂದೇ ಕರೆದರು. ಹಡಗು ಒಡೆದು ದಡ ಸೇರಿದ ಏಳು ಗಂಡಸರು, ಏಳು ಹೆಂಗಸರ ಸಂತತಿ ತಾವು ಎಂಬುದು ಅವರ ನಂಬಿಕೆ. ಗ್ರಂಥಗಳೆಲ್ಲ ನೀರುಪಾಲು. ಉಳಿದದ್ದು ಶನಿವಾರದ ಬಿಡುವು, ಅಡುಗೆಯ ಮಡಿ, ಒಂದು ಚಿಕ್ಕ ಪ್ರಾರ್ಥನೆ. ದಿನಾ ಎಣ್ಣೆ ತೆಗೆಯುವ ಅವರಿಗೆ ಎಣ್ಣೆಯ ಹಬ್ಬವೇ ಗೊತ್ತಿರಲಿಲ್ಲ! ಹನುಕ್ಕಾ ಹುಟ್ಟುವ ಮೊದಲೇ ಹಿರಿಯರು ಊರು ಬಿಟ್ಟಿದ್ದರು ಎಂದು ಹೇಳಿಕೊಳ್ಳುತ್ತಿದ್ದರು.

ಆ ಸಮಾಜದ ಸ್ಯಾಮ್ಯುಯೆಲ್ ಎಜೆಕಿಯೆಲ್ ದಿವೇಕರ್ ಕಂಪನಿ ಸೈನ್ಯದಲ್ಲಿದ್ದವರು. ಎರಡನೆಯ ಮೈಸೂರು ಯುದ್ಧದಲ್ಲಿ (1780–84) ಟಿಪ್ಪುವಿನ ಸೆರೆಯಾದರು. ದೇವಲಾಪುರದವರಿಗೆ ಶ್ರೀರಂಗಪಟ್ಟಣದ ಸೆರೆಮನೆಗಳು ಹೊಸತಲ್ಲ, ಬಿಡಿ. ಇವರು ಯಹೂದಿಗಳೆಂದು ತಿಳಿದು ಟಿಪ್ಪುವಿನ ತಾಯಿ ಪ್ರಾಣ ಉಳಿಸುವಂತೆ ಬೇಡಿಕೊಂಡರಂತೆ; ಅವರ ಮನೆಗಳಲ್ಲಿ ಹೇಳುವ ಕಥೆ ಇದು. ಬಿಡುಗಡೆಯಾದರೆ ಪ್ರಾರ್ಥನಾ ಮಂದಿರ ಕಟ್ಟಿಸುವೆನೆಂದು ದಿವೇಕರ್ ಹರಕೆ ಹೊತ್ತರು. 1796ರಲ್ಲಿ ಮುಂಬಯಿಯಲ್ಲಿ ಕಟ್ಟಿಸಿಯೂ ಬಿಟ್ಟರು. ಅಲ್ಲಿಯ ಮಸ್ಜಿದ್ ರೈಲು ನಿಲ್ದಾಣಕ್ಕೆ ಹೆಸರು ಬಂದದ್ದು ಈ ಮಂದಿರದಿಂದಲೇ ಎನ್ನುತ್ತಾರೆ. ಧರ್ಮಗ್ರಂಥದ ಸುರುಳಿ ತರಲು ಕೊಚ್ಚಿಗೆ ಹೋದವರು ಅಲ್ಲೇ ತೀರಿಕೊಂಡರಂತೆ. ಮುಂದೆ ಕೊಚ್ಚಿಯ ಗುರುಗಳು ಬಂದು, ಮರೆತ ವಿಧಿಗಳನ್ನೂ ಅರಿಯದ ಹಬ್ಬಗಳನ್ನೂ ಕಲಿಸಿದರು. ಗಾಣದವರ ಮನೆಯಲ್ಲಿ ಹನುಕ್ಕಾ ದೀಪ ಹತ್ತಿತು.

ನೋಡಿ, ಪುಸ್ತಕ ಹೋದರೂ ಅಷ್ಟು ಶತಮಾನ ಅವರನ್ನು ಅವರಾಗಿ ಉಳಿಸಿದ್ದು ಮನೆಯೊಳಗಿನ ನಡೆ. ಅದಿದ್ದ ಕಾರಣ, ತಡವಾಗಿ ಬಂದ ಹಬ್ಬವೂ ಪರಕೀಯವಾಗಲಿಲ್ಲ. ಮಕ್ಕಳಿಗೆ ಏನು ಉಳಿಯುತ್ತದೋ ಎಂದು ಕೊರಗುವ ತಾಯಂದಿರು ಇದನ್ನು ನೆನೆಯಬಹುದು.

ಹರಕೆ ತೀರಿದಾಗ, ಶುಭಕಾರ್ಯದಲ್ಲಿ ಅವರು ಮಾಡುವ 'ಮಲೀದಾ' ನಮ್ಮ ಸಿಹಿ ಅವಲಕ್ಕಿಯ ಅಕ್ಕತಂಗಿ. ತೆಳು ಅವಲಕ್ಕಿ ಎರಡು ಬಟ್ಟಲು ತೊಳೆದು ಬಸಿದಿಡಿ. ಕಾಯಿತುರಿ ಒಂದು ಬಟ್ಟಲು, ಸಕ್ಕರೆ ಅರ್ಧ ಬಟ್ಟಲು, ಏಲಕ್ಕಿ ಪುಡಿ, ದ್ರಾಕ್ಷಿ, ಗೋಡಂಬಿ ಸೇರಿಸಿ ಹಗುರವಾಗಿ ಕಲಸಿ. ಸುತ್ತ ಬಾಳೆಹಣ್ಣು, ಖರ್ಜೂರ ಇಡಿ. ಒಲೆ ಹಚ್ಚುವ ಕೆಲಸವೇ ಇಲ್ಲ.