ಮುಪ್ಪಿನ ಮರೆವಿಗೆ ನಡುವಯಸ್ಸಿನಲ್ಲೇ ತಡೆ

ಚೀನಾದ 326 ಹಳ್ಳಿಗಳಲ್ಲಿ ನಡೆದ ಪ್ರಯೋಗವೊಂದರ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ನಲವತ್ತು ದಾಟಿದ, ಬಿಪಿ ಹತೋಟಿಯಲ್ಲಿಲ್ಲದ ಸುಮಾರು 34,000 ಮಂದಿ ಅದರಲ್ಲಿದ್ದರು. ಅರ್ಧದಷ್ಟು ಹಳ್ಳಿಗಳಲ್ಲಿ ಎಂದಿನ ಚಿಕಿತ್ಸೆಯೇ ಮುಂದುವರಿಯಿತು. ಉಳಿದ ಹಳ್ಳಿಗಳಲ್ಲಿ ಬಿಪಿಯನ್ನು 130/80ಕ್ಕಿಂತ ಕೆಳಗೆ ಇಳಿಸುವ ಹೊಣೆಯನ್ನು ತರಬೇತಿ ಪಡೆದ ಹಳ್ಳಿ ವೈದ್ಯರಿಗೆ ವಹಿಸಲಾಯಿತು. ಅವರು ಮಾತ್ರೆಗಳನ್ನು ಉಚಿತವಾಗಿ ಇಲ್ಲವೇ ಕಡಿಮೆ ದರಕ್ಕೆ ಕೊಟ್ಟರು, ಅಗತ್ಯ ನೋಡಿಕೊಂಡು ಹಂತಹಂತವಾಗಿ ಪ್ರಮಾಣ ಹೆಚ್ಚಿಸಿದರು, ಮನೆಯಲ್ಲೇ ಬಿಪಿ ನೋಡಿಕೊಳ್ಳುವುದನ್ನು ಕಲಿಸಿದರು. ನಾಲ್ಕು ವರ್ಷಗಳ ಬಳಿಕ ಲೆಕ್ಕ ಹಾಕಿದಾಗ, ಈ ಹಳ್ಳಿಗಳಲ್ಲಿ ಡಿಮೆನ್ಷಿಯಾಕ್ಕೆ (ಮರೆವಿನ ಕಾಯಿಲೆಗೆ) ತುತ್ತಾದವರ ಪ್ರಮಾಣ ಶೇ 15ರಷ್ಟು ಕಡಿಮೆ ಇತ್ತು.

ಈ ಚಿಕಿತ್ಸೆಯಲ್ಲಿ ಹೊಸ ಔಷಧಿ ಇರಲಿಲ್ಲ, ನರರೋಗ ತಜ್ಞರೂ ಇರಲಿಲ್ಲ. ಹಳೆಯ ಬಿಪಿ ಮಾತ್ರೆ ಮತ್ತು ಬಿಡದೆ ಬೆನ್ನು ಹತ್ತುವ ಒಬ್ಬ ಆರೋಗ್ಯ ಕಾರ್ಯಕರ್ತ, ಇಷ್ಟರಿಂದಲೇ ಮಿದುಳಿಗೂ ರಕ್ಷಣೆ ಸಿಕ್ಕಿತು. ಕರ್ನಾಟಕ ಗಂಭೀರವಾಗಿ ಓದಬೇಕಾದ ಫಲಿತಾಂಶವಿದು.

ನಮ್ಮ ದೇಶದಲ್ಲಿ ಅರವತ್ತು ದಾಟಿದವರಲ್ಲಿ ಶೇ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಷಿಯಾ ಇದೆಯೆಂದು 2023ರಲ್ಲಿ ಪ್ರಕಟವಾದ ರಾಷ್ಟ್ರಮಟ್ಟದ ಅಧ್ಯಯನ ಅಂದಾಜಿಸಿದೆ. ಗಂಡಸರಿಗಿಂತ ಹೆಂಗಸರಲ್ಲಿ, ನಗರಕ್ಕಿಂತ ಹಳ್ಳಿಗಳಲ್ಲಿ ಇದು ಹೆಚ್ಚು. ಶಾಲೆಯ ಮೆಟ್ಟಿಲು ಹತ್ತಲು ಅವಕಾಶ ಸಿಗದ, ಆಸ್ಪತ್ರೆಗೆ ಹೋಗಲು ಇನ್ನೊಬ್ಬರನ್ನು ಕಾಯಬೇಕಾದ ಹೆಣ್ಣುಮಕ್ಕಳ ಮೇಲೆಯೇ ಹೆಚ್ಚಿನ ಭಾರ ಬಿದ್ದಿದೆ. ಆದರೂ ಮರೆವಿನ ವಿಷಯ ಬಂದಾಗ ನಮ್ಮ ಕುಟುಂಬಗಳು ಹಿಡಿಯುವ ದಾರಿ ಎರಡೇ. ‘ಅರವತ್ತಕ್ಕೆ ಅರಳು ಮರಳು, ವಯಸ್ಸಾಯಿತಲ್ಲ’ ಎಂದು ಸುಮ್ಮನಾಗುವುದು ಒಂದು. ಹಿರಿಯರು ಮನೆಯ ದಾರಿ ತಪ್ಪಿ ಅಲೆಯುವಂತಾದ ಮೇಲೆ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಓಡುವುದು ಇನ್ನೊಂದು. ಅದಕ್ಕೂ ಹಿಂದಿನ ಇಪ್ಪತ್ತು ಮೂವತ್ತು ವರ್ಷಗಳಲ್ಲಿ ದೇಹದಲ್ಲಿ ಏನೆಲ್ಲ ಆಯಿತು ಎಂಬುದನ್ನು ಯಾರೂ ಕೇಳುವುದಿಲ್ಲ. ತಡೆಯುವ ಅವಕಾಶ ಇದ್ದದ್ದು ಆ ವರ್ಷಗಳಲ್ಲೇ.

ದೇಹದ ಕಾಯಿಲೆಗೂ ಮರೆವಿಗೂ ಇರುವ ನಂಟು ರಕ್ತನಾಳಗಳ ಮೂಲಕ ಸಾಗುತ್ತದೆ. ಮಿದುಳಿನ ತೂಕ ದೇಹದ ತೂಕದ ಶೇ 2ರಷ್ಟು ಮಾತ್ರ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಶೇ 20ರಷ್ಟು ಅದಕ್ಕೇ ಬೇಕು. ಮಿದುಳಿನ ಒಳಭಾಗದಲ್ಲಿ ಒಂದು ಕೇಂದ್ರದಿಂದ ಇನ್ನೊಂದಕ್ಕೆ ಸಂದೇಶ ಒಯ್ಯುವ ನರತಂತುಗಳಿಗೆ ರಕ್ತ ತಲುಪುವುದು ಅತಿ ಸಣ್ಣ ನಾಳಗಳಿಂದ. ವರ್ಷಗಟ್ಟಲೆ ಹೆಚ್ಚಿರುವ ಬಿಪಿ ಈ ನಾಳಗಳ ಗೋಡೆಯನ್ನು ದಪ್ಪಗೊಳಿಸಿ ಗಡುಸು ಮಾಡುತ್ತದೆ. ಶುಗರ್ ಹೆಚ್ಚಿದ್ದರೆ ಹಾನಿ ಇನ್ನಷ್ಟು ಹೆಚ್ಚುತ್ತದೆ. ಕಾಲುವೆಯ ಕೊನೆಯ ಗದ್ದೆಗೆ ನೀರು ಬಾರದಿರುವುದು ಮೇಲಿನ ಗದ್ದೆಯವರಿಗೆ ತಿಳಿಯದ ಹಾಗೆ, ಈ ಕೊರತೆಯೂ ಬಹುಕಾಲ ಯಾರ ಗಮನಕ್ಕೂ ಬರುವುದಿಲ್ಲ. ಲಕ್ವ ಹೊಡೆದರೆ ಮನೆಮಂದಿಯೆಲ್ಲ ಎಚ್ಚೆತ್ತುಕೊಳ್ಳುತ್ತಾರೆ. ಲಕ್ಷಣವೇ ತೋರಿಸದೆ ಮಿದುಳಿನೊಳಗೆ ಆಗುವ ಸಣ್ಣ ಸಣ್ಣ ಆಘಾತಗಳನ್ನು ಗುರುತಿಸುವವರಿಲ್ಲ. ಅಲ್ಜೈಮರ್ ಕಾಯಿಲೆ ಇರುವವರಲ್ಲೂ ಇಂಥ ಹಾನಿ ಸೇರಿಕೊಂಡರೆ ಮರೆವು ಬೇಗ ಮೇಲೆದ್ದು ಕಾಣುತ್ತದೆ.

ಈ ಬದಲಾವಣೆ ಹಲವರಲ್ಲಿ ನೆನಪಿಗಿಂತ ಮೊದಲೇ ನಡಿಗೆಯಲ್ಲಿ ಕಾಣಿಸುತ್ತದೆ. ಅಂಗಳದಲ್ಲಿ ನಡೆದು ಬರುತ್ತಿರುವ ಹಿರಿಯರನ್ನು ‘ಡೇರಿಗೆ ಹಾಲು ಹಾಕಿ ಬಂದ್ರಾ ತಾತ?’ ಎಂದು ಕೇಳಿ ನೋಡಿ. ಕೆಲವರು ನಡೆಯುತ್ತಲೇ ಉತ್ತರಿಸುತ್ತಾರೆ. ಇನ್ನು ಕೆಲವರು ಕಾಲು ನಿಲ್ಲಿಸಿ, ಒಂದು ಕ್ಷಣ ತಡೆದು, ಆಮೇಲೆ ಬಾಯಿ ತೆರೆಯುತ್ತಾರೆ. ನಡಿಗೆಯನ್ನೂ ಮಾತನ್ನೂ ಒಟ್ಟಿಗೆ ನಿಭಾಯಿಸುವಷ್ಟು ಬಿಡುವು ಅವರ ಮಿದುಳಿಗೆ ಉಳಿದಿಲ್ಲ. ಹೀಗೆ ನಿಂತು ಮಾತಾಡುವವರು ಮುಂದೆ ಬೀಳುವ ಸಾಧ್ಯತೆ ಹೆಚ್ಚೆಂದು ಸ್ವೀಡನ್‌ನ ಸಂಶೋಧಕರು 1997ರಲ್ಲೇ ತೋರಿಸಿದ್ದರು. ನಡಿಗೆ ನಿಧಾನವಾಗುವುದರ ಜತೆಗೆ ಮರೆವಿನ ದೂರೂ ಇದ್ದರೆ ಅದನ್ನು ಡಿಮೆನ್ಷಿಯಾದ ಮುನ್ಸೂಚನೆಯೆಂದು ಪರಿಗಣಿಸಬೇಕೆಂದು ಅಮೆರಿಕದಲ್ಲಿರುವ ನರವಿಜ್ಞಾನಿ ಜೋ ವರ್ಗೀಸ್ ಮತ್ತು ಸಂಗಡಿಗರು ಪ್ರತಿಪಾದಿಸಿದರು. ಇದನ್ನು ಗಮನಿಸಲು ಸ್ಕ್ಯಾನಿಂಗ್ ಬೇಕಿಲ್ಲ, ನೋಡುವ ಕಣ್ಣಿದ್ದರೆ ಸಾಕು.

ಲ್ಯಾನ್ಸೆಟ್ ನಿಯತಕಾಲಿಕದ ತಜ್ಞರ ಆಯೋಗ 2024ರಲ್ಲಿ ಡಿಮೆನ್ಷಿಯಾಕ್ಕೆ ಕಾರಣವಾಗುವ, ಬದಲಿಸಬಹುದಾದ 14 ಅಂಶಗಳನ್ನು ಪಟ್ಟಿ ಮಾಡಿತು. ಶಿಕ್ಷಣದ ಕೊರತೆ, ಒಂಟಿತನ, ವಾಯುಮಾಲಿನ್ಯದಂಥವು ಅದರಲ್ಲಿವೆ. ಆದರೆ ಹೆಚ್ಚಿನವು ದೇಹಕ್ಕೆ ಸಂಬಂಧಿಸಿದವು: ಬಿಪಿ, ಶುಗರ್, ಕೊಲೆಸ್ಟ್ರಾಲ್, ಬೊಜ್ಜು, ಧೂಮಪಾನ, ಅತಿಯಾದ ಮದ್ಯಪಾನ, ಮೈಗೆ ಕೆಲಸವಿಲ್ಲದಿರುವುದು, ತಲೆಗೆ ಬಿದ್ದ ಪೆಟ್ಟು, ಕಿವುಡು, ದೃಷ್ಟಿ ಮಂಜಾಗುವುದು. ಇವನ್ನೆಲ್ಲ ನಿವಾರಿಸಿದರೆ ಜಗತ್ತಿನ ಶೇ 45ರಷ್ಟು ಡಿಮೆನ್ಷಿಯಾ ಪ್ರಕರಣಗಳನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಆಯೋಗದ ಅಂದಾಜು.

ಇವುಗಳಲ್ಲಿ ನಡುವಯಸ್ಸಿನ ಬಿಪಿಗೆ ವಿಶೇಷ ಮಹತ್ವವಿದೆ. ಲಂಡನ್ನಿನ ಸರ್ಕಾರಿ ನೌಕರರನ್ನು ದಶಕಗಳ ಕಾಲ ಗಮನಿಸಿದ ವೈಟ್‌ಹಾಲ್ ಅಧ್ಯಯನದಲ್ಲಿ, ಐವತ್ತನೇ ವಯಸ್ಸಿಗೆ ಮೇಲಿನ ಬಿಪಿ 130 ಅಥವಾ ಹೆಚ್ಚಿದ್ದವರಿಗೆ ಮುಂದೆ ಡಿಮೆನ್ಷಿಯಾ ಬರುವ ಅಪಾಯ ಹೆಚ್ಚೆಂದು ಕಂಡುಬಂತು. ಅರವತ್ತು, ಎಪ್ಪತ್ತರ ವಯಸ್ಸಿನ ಬಿಪಿಗೆ ಆ ನಂಟು ಅಷ್ಟು ಸ್ಪಷ್ಟವಾಗಿರಲಿಲ್ಲ. ಹಾನಿ ಮೊದಲೇ ಶುರುವಾಗಿರುತ್ತದೆ ಎಂಬುದು ಇದರ ಅರ್ಥವಿರಬಹುದು. ಅಮೆರಿಕದಲ್ಲಿ 9,361 ಮಂದಿಯ ಮೇಲೆ ನಡೆದು 2019ರಲ್ಲಿ ವರದಿಯಾದ ಪ್ರಯೋಗದಲ್ಲಿ, ಮೇಲಿನ ಬಿಪಿಯನ್ನು 120ಕ್ಕಿಂತ ಕೆಳಗೆ ಇಳಿಸಿದವರಲ್ಲಿ ಡಿಮೆನ್ಷಿಯಾದ ಹಿಂದಿನ ಹಂತವಾದ ಲಘು ಮರೆವು ಶೇ 19ರಷ್ಟು ಕಡಿಮೆಯಾಗಿತ್ತು. ಕಿವಿ, ಕಣ್ಣಿನದೂ ಇಂಥದೇ ಕಥೆ. 2023ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮೊದಲೇ ಹೆಚ್ಚು ಅಪಾಯದಲ್ಲಿದ್ದ ಹಿರಿಯರಿಗೆ ಶ್ರವಣ ಸಾಧನ ಕೊಟ್ಟಾಗ ಮೂರು ವರ್ಷಗಳಲ್ಲಿ ಅವರ ಬುದ್ಧಿಶಕ್ತಿ ಕುಗ್ಗುವ ವೇಗ ಶೇ 48ರಷ್ಟು ತಗ್ಗಿತು. ಆರೋಗ್ಯವಾಗಿದ್ದ ಹಿರಿಯರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಕಣ್ಣಿನ ಪೊರೆ ತೆಗೆಸಿಕೊಂಡವರಲ್ಲಿ ಡಿಮೆನ್ಷಿಯಾ ಕಡಿಮೆ ಎಂಬುದನ್ನು ಅಮೆರಿಕದ ಇನ್ನೊಂದು ಅಧ್ಯಯನ ಗುರುತಿಸಿದೆ. ಸರಿಯಾಗಿ ಕೇಳಿಸದ, ಕಾಣಿಸದ ಮನುಷ್ಯ ನಾಲ್ಕು ಜನರ ನಡುವೆ ಕೂರುವುದನ್ನೇ ಬಿಡುತ್ತಾನೆ, ಮಿದುಳಿಗೆ ಕೆಲಸ ಕಡಿಮೆಯಾಗುತ್ತದೆ.

ವ್ಯಾಯಾಮದ ವಿಷಯದಲ್ಲಿ ಮಾತ್ರ ಎಚ್ಚರದಿಂದ ಮಾತಾಡಬೇಕು. ದಿನವೂ ವಾಕಿಂಗ್ ಮಾಡಿದರೆ ಮರೆವು ಬಾರದು ಎಂದು ಭರವಸೆ ಕೊಡುವವರು ಬಹಳ. ಎಪ್ಪತ್ತರಿಂದ ಎಂಬತ್ತೊಂಬತ್ತರ ವಯಸ್ಸಿನವರಿಗೆ ಎರಡು ವರ್ಷ ವ್ಯಾಯಾಮ ಮಾಡಿಸಿದ ಅಮೆರಿಕದ ದೊಡ್ಡ ಪ್ರಯೋಗದಲ್ಲಿ ಅವರ ಬುದ್ಧಿಶಕ್ತಿಯಲ್ಲಿ ಗುರುತಿಸುವಂಥ ಸುಧಾರಣೆ ಕಾಣಲಿಲ್ಲ. ಡಿಮೆನ್ಷಿಯಾ ಒಳಗೊಳಗೇ ಶುರುವಾದಾಗ ಜನ ತಾವಾಗಿಯೇ ಓಡಾಟ ಕಡಿಮೆ ಮಾಡುವುದುಂಟು; ಹಾಗಾಗಿ ಯಾವುದು ಕಾರಣ, ಯಾವುದು ಪರಿಣಾಮ ಎಂದು ಬಿಡಿಸುವುದು ಕಷ್ಟ. ಆದರೆ ಆಹಾರ, ವ್ಯಾಯಾಮ, ಮಿದುಳಿನ ತರಬೇತಿ, ಬಿಪಿ–ಶುಗರ್ ನಿಗಾ ಎಲ್ಲವನ್ನೂ ಒಟ್ಟಿಗೆ ಕೊಟ್ಟಾಗ ಚಿತ್ರ ಬದಲಾಗುತ್ತದೆ. ಫಿನ್ಲೆಂಡ್‌ನಲ್ಲಿ 1,260 ಹಿರಿಯರ ಮೇಲೆ ನಡೆದು 2015ರಲ್ಲಿ ವರದಿಯಾದ ಪ್ರಯೋಗ ಇದನ್ನು ತೋರಿಸಿತು. 2025ರಲ್ಲಿ ವರದಿಯಾದ ಅಮೆರಿಕದ ಇನ್ನೊಂದು ಪ್ರಯೋಗವೂ ಅದೇ ದಿಕ್ಕಿನಲ್ಲಿ ಸಾಗಿತು.

ಇನ್ನೊಂದು ಎಚ್ಚರವೂ ಬೇಕು. ಶೇ 45 ಎಂಬುದು ಇಡೀ ಸಮಾಜಕ್ಕೆ ಅನ್ವಯಿಸುವ ಲೆಕ್ಕ. ಬಿಪಿ, ಶುಗರ್ ಯಾವುದೂ ಇಲ್ಲದೆ, ಜೀವನವಿಡೀ ಹೊಲದಲ್ಲಿ ದುಡಿದವರಿಗೂ ಅಲ್ಜೈಮರ್ ಬರುತ್ತದೆ. ‘ನೀನು ಸರಿಯಾಗಿ ನೋಡಿಕೊಳ್ಳಲಿಲ್ಲ, ಅದಕ್ಕೇ ಅತ್ತೆಗೆ ಹೀಗಾಯಿತು’ ಎಂದು ಸೊಸೆಯ ಕಡೆ ಬೆರಳು ತೋರಿಸಲು ಈ ಅಂಕಿಯನ್ನು ಬಳಸುವುದು ಕ್ರೂರತನ. ಎಂಬತ್ತು ದಾಟಿದ, ಮೈಯಲ್ಲಿ ಶಕ್ತಿ ಇಲ್ಲದವರ ಬಿಪಿಯನ್ನು ವಿಪರೀತ ಇಳಿಸಿದರೆ ಎದ್ದು ನಿಂತಾಗ ತಲೆಸುತ್ತಿ ಬೀಳುವ ಅಪಾಯವೂ ಇದೆ. ಅದಕ್ಕೇ ಗಮನ ನಲವತ್ತು ಐವತ್ತರ ವಯಸ್ಸಿನವರ ಮೇಲೆ ಇರಬೇಕು.

ಮರೆವೆಂದು ಕಾಣುವುದೆಲ್ಲ ಡಿಮೆನ್ಷಿಯಾ ಅಲ್ಲ ಎಂಬುದೂ ಅಷ್ಟೇ ಮುಖ್ಯ. ವಿಟಮಿನ್ ಬಿ12 ಕೊರತೆ, ಥೈರಾಯ್ಡ್ ಸಮಸ್ಯೆ, ರಕ್ತದಲ್ಲಿ ಸೋಡಿಯಂ ಇಳಿಯುವುದು, ಖಿನ್ನತೆ, ನಿದ್ರೆ ಮಾತ್ರೆಗಳ ಅಭ್ಯಾಸ, ಬಿದ್ದಾಗ ತಲೆಯೊಳಗೆ ನಿಧಾನವಾಗಿ ಸೇರಿಕೊಂಡ ರಕ್ತ, ಇವೆಲ್ಲವೂ ಹಿರಿಯರನ್ನು ಗೊಂದಲಕ್ಕೆ ತಳ್ಳುತ್ತವೆ. ನಿನ್ನೆಯವರೆಗೆ ಸರಿಯಿದ್ದ ಅಜ್ಜಿ ಇಂದು ಇದ್ದಕ್ಕಿದ್ದಂತೆ ಮನೆಯವರನ್ನು ಗುರುತಿಸದೆ ಬಡಬಡಿಸಿದರೆ, ಅದು ಮೂತ್ರದ ಸೋಂಕಿನಿಂದ ಬಂದ ಸನ್ನಿ ಇರಬಹುದು. ಸಕಾಲಕ್ಕೆ ಪತ್ತೆಯಾದರೆ ಇವುಗಳಲ್ಲಿ ಹೆಚ್ಚಿನವಕ್ಕೆ ಚಿಕಿತ್ಸೆ ಇದೆ. ‘ವಯಸ್ಸಾಯಿತು’ ಎಂಬ ಒಂದು ಮಾತಿನಿಂದ ಕೈಬಿಟ್ಟ ಹಿರಿಯರಲ್ಲಿ ಗುಣವಾಗಬಹುದಾಗಿದ್ದವರೂ ಇರುತ್ತಾರೆ ಎಂಬುದು ನಮ್ಮನ್ನು ಕಾಡಬೇಕು.

ಈಗ ಕರ್ನಾಟಕದ ಕಡೆ ತಿರುಗೋಣ. ಕೋಲಾರ ಜಿಲ್ಲೆಯಲ್ಲಿ ಮೂರು ಒಳ್ಳೆಯ ಕೆಲಸಗಳು ಆರಂಭವಾದವು. ಮಾವಿಗೆ ಹೆಸರಾದ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ, 45 ದಾಟಿದ ಹತ್ತು ಸಾವಿರ ಜನರ ಮಿದುಳಿನ ಆರೋಗ್ಯವನ್ನು ವರ್ಷಗಳ ಕಾಲ ಗಮನಿಸುವ ಅಧ್ಯಯನವನ್ನು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರ 2018ರಲ್ಲಿ ಶುರು ಮಾಡಿತು. ಬಹುಪಾಲು ಪಾಶ್ಚಾತ್ಯ ನಗರವಾಸಿಗಳ ಮಾಹಿತಿಯ ಮೇಲೆಯೇ ನಿಂತಿದ್ದ ಈ ಕ್ಷೇತ್ರದಲ್ಲಿ ನಮ್ಮ ರೈತಾಪಿ ಜನರ ಲೆಕ್ಕವೂ ಸಿಗುವಂತಾಗಿದೆ. ನಿಮ್ಹಾನ್ಸ್ ಮತ್ತು ಆರೋಗ್ಯ ಇಲಾಖೆ ಸೇರಿ 2022ರಲ್ಲಿ ಕೈಗೆತ್ತಿಕೊಂಡ ಮಿದುಳು ಆರೋಗ್ಯ ಕಾರ್ಯಕ್ರಮದ ಮೊದಲ ಕ್ಲಿನಿಕ್‌ಗಳಲ್ಲಿ ಒಂದು ಕೋಲಾರದ ಜಿಲ್ಲಾ ಆಸ್ಪತ್ರೆಯಲ್ಲಿ ತೆರೆಯಿತು. ಮನೆಬಾಗಿಲಿಗೆ ಹೋಗಿ ಬಿಪಿ, ಶುಗರ್ ತಪಾಸಣೆ ಮಾಡುವ ‘ಗೃಹ ಆರೋಗ್ಯ’ ಯೋಜನೆಯೂ 2024ರಲ್ಲಿ ಪ್ರಾಯೋಗಿಕವಾಗಿ ಆರಂಭವಾದದ್ದು ಇದೇ ಜಿಲ್ಲೆಯಲ್ಲಿ.

ಮಿದುಳನ್ನು ಅಧ್ಯಯನ ಮಾಡುವವರು, ಮರೆವಿಗೆ ಚಿಕಿತ್ಸೆ ಕೊಡುವವರು, ಬಿಪಿ ನೋಡುವವರು ಒಂದೇ ಜಿಲ್ಲೆಯಲ್ಲಿದ್ದೂ ಈ ಮೂರನ್ನು ಒಂದೇ ಕಾರ್ಯಕ್ರಮವಾಗಿ ನಾವು ಯೋಚಿಸಿಲ್ಲ. ಹಳ್ಳಿಯಲ್ಲಿ ಆಗುವುದೇನು ನೋಡಿ. ಆಶಾ ಕಾರ್ಯಕರ್ತೆ ಮನೆಗೆ ಬರುತ್ತಾರೆ, ಬಿಪಿ ಹೆಚ್ಚಿದೆ ಎಂದು ಗೊತ್ತಾಗುತ್ತದೆ, ಮಾತ್ರೆ ಸಿಗುತ್ತದೆ. ಎರಡು ತಿಂಗಳು ನುಂಗಿದ ಮೇಲೆ ‘ಈಗ ನಾರ್ಮಲ್ ಬಂದಿದೆಯಲ್ಲ’ ಎಂದು ರೋಗಿಗಳು ನಿಲ್ಲಿಸುತ್ತಾರೆ. ತಲೆನೋವಿಲ್ಲ, ಸುಸ್ತಿಲ್ಲ, ಮಾತ್ರೆ ಯಾಕೆ ಎಂಬುದು ಅವರ ಪ್ರಶ್ನೆ. ತೋಟದ ಕೂಲಿ ಬಿಟ್ಟು ಮಾತ್ರೆಗಾಗಿ ಪ್ರತಿ ತಿಂಗಳು ಆಸ್ಪತ್ರೆಗೆ ಅಲೆಯುವುದೂ ಆಗದ ಮಾತು. ತಪಾಸಣೆಯ ಲೆಕ್ಕದಲ್ಲಿ ಅವರ ಹೆಸರಿರುತ್ತದೆ, ಆದರೆ ಮಿದುಳಿನ ನಾಳಗಳಿಗೆ ಆಗುವ ಹಾನಿ ಮುಂದುವರಿಯುತ್ತದೆ. ಚೀನಾದ ಹಳ್ಳಿಗಳು ಗೆದ್ದದ್ದು ತಪಾಸಣೆಯ ನಂತರ ಮಾತ್ರೆ ನಿಲ್ಲದಂತೆ ನೋಡಿಕೊಳ್ಳುವ ಈ ಎರಡನೇ ಹಂತದಲ್ಲಿ.

ಆದ್ದರಿಂದ ಸರ್ಕಾರ ಮಾಡಬೇಕಾದ ಕೆಲಸ ಸ್ಪಷ್ಟ. ಎಷ್ಟು ಮನೆಗಳಿಗೆ ಭೇಟಿ ಕೊಟ್ಟೆವು ಎಂಬುದರ ಬದಲು ಎಷ್ಟು ಜನರ ಬಿಪಿ ಹತೋಟಿಗೆ ಬಂತು ಎಂಬುದೇ ಯೋಜನೆಯ ಯಶಸ್ಸಿನ ಅಳತೆಯಾಗಬೇಕು. ಬಿಪಿ ಸ್ಥಿರವಾಗಿರುವವರಿಗೆ ಮೂರು ತಿಂಗಳ ಮಾತ್ರೆ ಒಟ್ಟಿಗೆ ಉಪಕೇಂದ್ರದಲ್ಲೇ ಸಿಗಬೇಕು. ಅರವತ್ತು ದಾಟಿದವರ ತಪಾಸಣೆಗೆ ಕಿವಿ, ಕಣ್ಣು, ನಡಿಗೆ ಸೇರಬೇಕು. ಜತೆಗೆ ಮನೆಯವರನ್ನು ‘ಮೊದಲಿಗಿಂತ ಮರೆವು ಹೆಚ್ಚಾಗಿದೆಯಾ?’ ಎಂದು ಕೇಳಬೇಕು. ಹೌದು ಎಂದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲಿ ಬಿ12, ಥೈರಾಯ್ಡ್, ಸೋಡಿಯಂ ಪರೀಕ್ಷೆ ಆಗಿ, ಅಗತ್ಯವಿದ್ದರಷ್ಟೇ ಜಿಲ್ಲೆಯ ಮಿದುಳು ಕ್ಲಿನಿಕ್‌ಗೆ ಕಳಿಸುವ ವ್ಯವಸ್ಥೆ ಬೇಕು. ಬಡ ಹಿರಿಯರಿಗೆ ಕನ್ನಡಕ, ಶ್ರವಣ ಸಾಧನ ಕೊಡಲು ಕೇಂದ್ರದ ವಯೋಶ್ರೀ ಯೋಜನೆ 2017ರಿಂದಲೇ ಇದೆ. ಅದನ್ನು ಈ ತಪಾಸಣೆಗೆ ಜೋಡಿಸಬೇಕು. ಈ ಎಲ್ಲದರ ಭಾರವನ್ನು ಗೌರವಧನದಲ್ಲಿ ದುಡಿಯುವ ಆಶಾ ಕಾರ್ಯಕರ್ತೆಯರ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವಂತಿಲ್ಲ. ಕೆಲಸ ಹೆಚ್ಚಿಸಿದರೆ ಅವರ ಸಂಭಾವನೆಯನ್ನೂ ಹೆಚ್ಚಿಸಬೇಕು.

ಖರ್ಚಿನ ಪ್ರಶ್ನೆ ಬಂದೇ ಬರುತ್ತದೆ. ಅಲ್ಜೈಮರ್‌ಗೆಂದು ಅಮೆರಿಕದಲ್ಲಿ 2023ರಲ್ಲಿ ಅನುಮತಿ ಪಡೆದ ಲೆಕಾನೆಮಾಬ್ ಎಂಬ ಔಷಧಿ ಹದಿನೆಂಟು ತಿಂಗಳಲ್ಲಿ ಕಾಯಿಲೆ ಬೆಳೆಯುವ ವೇಗವನ್ನು ಶೇ 27ರಷ್ಟು ತಗ್ಗಿಸಿತು. ಅನುಮತಿ ಸಿಕ್ಕಾಗ ಅಲ್ಲಿ ಅದರ ಬೆಲೆ ವರ್ಷಕ್ಕೆ 26,500 ಡಾಲರ್ ಇತ್ತು. ಮಿದುಳಿನಲ್ಲಿ ಊತ, ರಕ್ತಸ್ರಾವ ಆಗುತ್ತಿದೆಯೇ ಎಂದು ನೋಡಲು ಮತ್ತೆ ಮತ್ತೆ ಎಂಆರ್‌ಐ ಮಾಡಿಸುತ್ತಿರಬೇಕು. ವಿಜ್ಞಾನದ ದೃಷ್ಟಿಯಿಂದ ಅದು ದೊಡ್ಡ ಹೆಜ್ಜೆ. ಆದರೆ ಶ್ರೀನಿವಾಸಪುರದ ಕೃಷಿಕ ಕುಟುಂಬವೊಂದರ ಕೈಗೆಟುಕುವುದು ದಿನಕ್ಕೆ ಕೆಲವೇ ರೂಪಾಯಿಯ ಬಿಪಿ ಮಾತ್ರೆ. ಅದು ಹೃದಯವನ್ನು, ಮೂತ್ರಪಿಂಡವನ್ನು ಕಾಯುತ್ತದೆ ಎಂದು ಮೊದಲೇ ಗೊತ್ತಿತ್ತು. ಮಿದುಳನ್ನೂ ಕಾಯುತ್ತದೆ ಎಂಬುದಕ್ಕೆ ಈಗ ಬಲವಾದ ಪುರಾವೆ ಸಿಕ್ಕಿದೆ.

ಇದನ್ನು ಓದುತ್ತಿರುವ ಹಲವರ ಮನೆಯಲ್ಲಿ ಮರೆವಿಗೆ ಸಿಲುಕಿದ ಹಿರಿಯರಿದ್ದಾರೆ. ಅವರನ್ನು ಸಹನೆಯಿಂದ ನೋಡಿಕೊಳ್ಳುವುದೇ ಒಂದು ದೊಡ್ಡ ಕೆಲಸ, ಅದಕ್ಕೆ ಸಮಾಜದ ಆಸರೆ ಬೇಕು. ಆದರೆ ಆ ಆರೈಕೆಯ ಗದ್ದಲದಲ್ಲಿ ಮುಂದಿನ ಪೀಳಿಗೆಯ ರೋಗಿಯನ್ನು ನಾವು ನೋಡದೇ ಬಿಡುತ್ತಿದ್ದೇವೆ. ತಾಯಿಯ ಮರೆವಿಗೆಂದು ಆಸ್ಪತ್ರೆಗೆ ಬಂದ ನಲವತ್ತೈದರ ಮಗನ, ಮಗಳ ಬಿಪಿ, ಶುಗರನ್ನೂ ಅದೇ ದಿನ, ಅದೇ ಕೋಣೆಯಲ್ಲಿ ನೋಡುವುದು ನಮ್ಮ ಆಸ್ಪತ್ರೆಗಳ ನಿಯಮವಾಗಲಿ. ತಾಯಿಗೆ ಕೊಡಲಾಗದ ಇಪ್ಪತ್ತು ವರ್ಷಗಳ ಅವಕಾಶವನ್ನು ಅವರಿಗೆ ಇನ್ನೂ ಕೊಡಬಹುದು.